ಮುಚ್ಚಳ ತೆರೆದಿದ್ದೀರಾ?

ಮಾರ್ಚ್ ೪

ತಮ್ಮನಿಗೆ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ, ನಿನ್ನ ಕ್ಷೇಮ ವಿಚಾರಿಸುವ ಮನಸ್ಸೂ ನನಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, ನಮ್ಮ ಚಿನಕುರಳಿಗೆ ಮಾತಿನ ಯಂತ್ರ ಮಾಡಿಕೊಡುತ್ತಿರುವ ಮೇಡಂ. "ನಿಮ್ಮ ಮಗಳ ರೆಕಾರ್ಡಿಂಗ್ ಇನ್ನೂ ನಮ್ಮ ಕೈಸೇರಿಲ್ಲಮ್ಮ. ನಿಮ್ಮ ತಮ್ಮ ಹಾರ್ಡ್ ಡ್ರೈವ್ ಕೆಟ್ಟೋಗಿದೆ ಅಂದ್ರು. ನಿಮಗೆ ಗೊತ್ತಿರುತ್ತಲ್ಲ?" ಅಂದರು. ಗೊತ್ತು ಅಂದೆ. ನಿನ್ನ ಮರ್ಯಾದೆ ಉಳಿಸಲು ಅಲ್ಲ, ನನ್ನದನ್ನು ಉಳಿಸಿಕೊಳ್ಳಲು. ಫೋನಿಟ್ಟ ಮೇಲೆ ಕೋರ್ಟಿನ ದಾಖಲೆ ಕೊಠಡಿಯ ಏಣಿಯಿಂದ ಇಳಿದು, ಕೈಯಲ್ಲಿದ್ದ ಕೇಸಿನ ಕಟ್ಟನ್ನು ತಪ್ಪು ಕಪಾಟಿನಲ್ಲಿಟ್ಟು ಬಂದೆ.

ಆರು ದಿನ ಕಣೋ. ಗಂಟಲಿನ ಆಪರೇಷನ್ನಿಗೆ ಮುಂಚೆ ಆರು ದಿನ ಆ ಹುಡುಗಿ ನಿನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಕೂತು, ನೋವು ನುಂಗಿಕೊಂಡು, ಅವರು ಕೊಟ್ಟ ಸಾವಿರದ ಇನ್ನೂರು ವಾಕ್ಯ ಓದಿದಳು. ಅದನ್ನಿಟ್ಟುಕೊಂಡೇ ಯಂತ್ರ ಮಾಡಬೇಕು. ಅವಳು ಟೈಪ್ ಮಾಡಿದ್ದನ್ನು ಅವಳದೇ ದನಿಯಲ್ಲಿ ಹೇಳುವ ಯಂತ್ರ. ಜನವರಿ ಇಪ್ಪತ್ತಕ್ಕೆ ಧ್ವನಿಪೆಟ್ಟಿಗೆ ತೆಗೆದುಬಿಟ್ಟರು. ಇನ್ನೊಂದು ಸಲ ಓದಿಸೋಣ ಅನ್ನುವ ಹಾಗಿಲ್ಲ. ಮೊಬೈಲಿನಲ್ಲಿದ್ದ ತುಣುಕುಗಳನ್ನು ಮೇಡಂಗೆ ಆಗಲೇ ತೋರಿಸಿದ್ದೆ. ಬರೀ ಗದ್ದಲ, ಪ್ರಯೋಜನವಿಲ್ಲ ಅಂದಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಯ ದನಿ ಈ ಲೋಕದಲ್ಲಿ ಇರುವುದು ನಿನ್ನ ಆ ಡಬ್ಬಿಯೊಳಗೆ ಮಾತ್ರ.

ನನಗೆ ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಹೇಗೆ ಮಾತಾಡುತ್ತೇವೆ ಅಂತ ನಿನಗೆ ಗೊತ್ತು. ಈ ಮನೆಯಲ್ಲಿ ಈಗ ಜೋರು ದನಿ ನನ್ನದೊಂದೇ, ಅದನ್ನು ಅವಳು ಕೂತು ಕೇಳುವುದು ಬೇಡ. ಅದೂ ಅಲ್ಲದೆ ಫೋನಿನಲ್ಲಿ ಹೇಳಿದ್ದನ್ನು ನೀನು ನಾಳೆ ಇಲ್ಲ ಅನ್ನುತ್ತೀಯ. ಬರೆದು ಸಹಿ ಹಾಕಿ ಕಳಿಸು. ಡ್ರೈವಿಗೆ ಏನಾಗಿದೆ? ನಕಲು ಎಲ್ಲಿದೆ? ಯಾರ ಕೈಗೆ ಕೊಟ್ಟಿದ್ದೀಯ? ಉತ್ತರ ಬರುವ ತನಕ ಅದನ್ನು ಯಾರೂ ಮುಟ್ಟಕೂಡದು, ನೀನೂ ಸೇರಿದಂತೆ.

ಅಕ್ಕ

ಮಾರ್ಚ್ ೯

ಅಕ್ಕನಿಗೆ,

ನಿನ್ನ ಪತ್ರ ಬಂತು. ಲಕೋಟೆ ಹರಿಯುವಾಗಲೇ ಕೈ ಸುಟ್ಟಿತು.

ಹೌದು, ಡ್ರೈವ್ ಕೆಟ್ಟಿದೆ. ಫೆಬ್ರವರಿ ಹದಿನೇಳರ ಬೆಳಿಗ್ಗೆ ಚಾಲೂ ಮಾಡಿದಾಗ ಒಳಗಿನಿಂದ ಟಕ್, ಟಕ್ ಅಂತ ಶುರುವಾಯಿತು. ಬೀಳಿಸಿಲ್ಲ, ನೀರು ತಾಗಿಸಿಲ್ಲ. ಬಟ್ಟೆಯಲ್ಲಿ ಸುತ್ತಿ ಅಪ್ಪನ ಬೀರುವಿನಲ್ಲಿಟ್ಟಿದ್ದೇನೆ. ಒಳಗೆ ಎಷ್ಟು ನಾಜೂಕು ಗೊತ್ತಾ? ಆ ತಟ್ಟೆ ಇದೆಯಲ್ಲ, ಕನ್ನಡಿಗಿಂತ ನುಣುಪು. ಬಗ್ಗಿದರೆ ಮೂಗಿನ ಮೇಲಿನ ಬೆವರೂ ಕಾಣುತ್ತದೆ. ಅಂಥದ್ದನ್ನು ನಾನು ಸುಮ್ಮಸುಮ್ಮನೆ ಮುಟ್ಟುತ್ತೇನಾ?

ನಕಲು ಇಲ್ಲ. ಬೈಯುವ ಮುಂಚೆ ಪೂರ್ತಿ ಓದು. ಮೂವತ್ತು ವರ್ಷ ಟೇಪಿನ ಜೊತೆ ಬದುಕಿದವನು ನಾನು. ಟೇಪಿನಲ್ಲಿ ನಕಲು ತೆಗೆದಷ್ಟೂ ದನಿ ಸವೆಯುತ್ತದೆ. ಅಪ್ಪ ರಿಪೇರಿ ಬೆಂಚಿನ ಮುಂದೆ ನಿಲ್ಲಿಸಿಕೊಂಡು ಹೇಳುತ್ತಿದ್ದರು, "ಮೂಲ ಒಂದೇ ಇರ್ಬೇಕು ಕಣೋ, ಅದನ್ನ ಜೋಪಾನ ಮಾಡು" ಅಂತ. ಡ್ರೈವಿನಲ್ಲಿ ಹಾಗೆಲ್ಲ ಆಗಲ್ಲ, ಎಷ್ಟು ನಕಲು ಬೇಕಾದರೂ ತೆಗಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಿವಿ ಒಪ್ಪಲಿಲ್ಲ. ಒಂದೊಂದೇ ವಾಕ್ಯ ಕೇಳಿ, ಕೆಮ್ಮು ತೆಗೆದು, ಕುರ್ಚಿಯ ಕಿರುಗುಟ್ಟುವಿಕೆ ತೆಗೆದು, ಶುದ್ಧ ಮಾಡಿಯೇ ಕೊಡೋಣ ಅಂತ ಐದು ವಾರ ಕೂತಿದ್ದೆ. ಅಸಡ್ಡೆಯಿಂದ ಅಲ್ಲ.

ಇನ್ನೊಂದು ಮಾತು. ಆರನೆಯ ದಿನ ಗುಡುಗಿನ ಹಾಗೆ ಕೋಣೆಗೆ ನುಗ್ಗಿ ಅವಳನ್ನು ಎಳೆದುಕೊಂಡು ಹೋದವಳು ಯಾರು? ಅವತ್ತು ಸಂಜೆ ಕೂತು ಎಲ್ಲ ಹೊಂದಿಸಬೇಕು ಅಂತಿದ್ದೆ. ನೀನು ನನ್ನನ್ನು ಅವಳೆದುರೇ "ಯಾವುದಕ್ಕೂ ಬಾರದವನು" ಅಂದು ಹೋದ ಮೇಲೆ ಎರಡು ದಿನ ಆ ಕೋಣೆಯ ಬಾಗಿಲು ತೆಗೆಯಲಿಲ್ಲ.

ಯಾರಿಗೂ ಕೊಟ್ಟಿಲ್ಲ. ನಮ್ಮ ಅಂಗಡಿ ಸಾಲಿನ ಮೇಲ್ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬ ಇದ್ದಾನೆ, ನಂಬಿಕಸ್ಥ. "ತನ್ನಿ ಅಣ್ಣ, ಸಂಜೆಯೊಳಗೆ ಎತ್ತಿಕೊಡ್ತೀನಿ" ಅಂದಿದ್ದಾನೆ. ಅವನಿಗೇ ಕೊಡುವ ಮನಸ್ಸಿದೆ. ಚಿನಕುರಳಿ ಹೇಗಿದ್ದಾಳೆ?

ತಮ್ಮ

ಮಾರ್ಚ್ ೧೩

ತಮ್ಮನಿಗೆ,

ಆ ಮೇಲ್ಮಹಡಿಯವನ ಮೆಟ್ಟಿಲು ಹತ್ತಿದರೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ.

ಏನಾಗಿದೆ ಅಂತ ನೋಡದೆ ಸಂಜೆಯೊಳಗೆ ಅನ್ನುವವನು ಯಾವ ಸೀಮೆಯ ನಂಬಿಕಸ್ಥ? ಕನ್ನಡಿಯಂತೆ, ಬೆವರಂತೆ! ಯಾವುದೋ ವಿಡಿಯೋ ನೋಡಿಕೊಂಡು ನನಗೆ ಕವಿತ್ವ ಬರೆಯಬೇಡ. ನಿನ್ನ ಕಿವಿ ಒಪ್ಪಲಿಲ್ಲವಂತೆ. ನನ್ನ ಮಗಳ ದನಿ ಇಡೀ ಲೋಕದಲ್ಲಿ ಒಂದೇ ಕಡೆ ಇದ್ದದ್ದು ನಿನ್ನ ಕಿವಿಯ ಶೋಕಿಗೆ.

ನೀನು ಮಾಡಬೇಕಿದ್ದ ಕೆಲಸವನ್ನು ನಾನು ಮಾಡಿದೆ. ಮೂರು ದಿನ ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ಮಾಡಿದೆ. ಮೊದಲನೆಯವನು ನಾನು ಬಾಯಿ ಬಿಡುವ ಮುಂಚೆಯೇ "ನೂರಕ್ಕೆ ತೊಂಬತ್ತೆಂಟು ಗ್ಯಾರಂಟಿ ಮೇಡಂ" ಅಂದ. ಏನು ಕೆಟ್ಟಿದೆ ಅಂತಲೇ ಕೇಳಲಿಲ್ಲವಲ್ಲಪ್ಪ ಅಂದೆ. "ಏನು ಕೆಟ್ಟಿದ್ರೂ ಅಷ್ಟೇ" ಅಂದ. ಇಟ್ಟುಬಿಟ್ಟೆ. ಎರಡನೆಯವರು ಚೆನ್ನಾಗಿಯೇ ಮಾತಾಡಿದರು. ಕೆಲಸ ಎಲ್ಲಿ ಮಾಡುತ್ತೀರಿ ಅಂತ ಕೇಳಿದೆ. ತಡವರಿಸಿದರು. ಕೆದಕಿದ ಮೇಲೆ ಗೊತ್ತಾಯಿತು, ಅವರು ಬರೀ ಡಬ್ಬಿ ಈಸಿಕೊಳ್ಳುವವರು, ಅಲ್ಲಿಂದ ಬೇರೆಲ್ಲಿಗೋ ಕಳಿಸುತ್ತಾರೆ, ಎಲ್ಲಿಗೆ ಅಂತ ಹೇಳುವುದಿಲ್ಲ. ನನ್ನ ಕೊಠಡಿಯಿಂದ ಒಂದು ಹಾಳೆ ಹೊರಗೆ ಹೋದರೂ ಯಾರ ಕೈಗೆ ಹೋಯಿತು ಅಂತ ಇಪ್ಪತ್ತಾರು ವರ್ಷದಿಂದ ಬರೆದಿಡುತ್ತಿರುವವಳು ನಾನು. ಅವರನ್ನೂ ಬಿಟ್ಟೆ.

ಮೂರನೆಯದು ಒಂದು ಲ್ಯಾಬು. ಅಲ್ಲಿ ಫೋನೆತ್ತಿದ್ದು ಎಂಜಿನಿಯರ್, ನನ್ನ ವಯಸ್ಸಿನ ಹೆಂಗಸಿರಬೇಕು, ತೂಕದ ಮಾತು. ನಾನು ಕೇಳುವುದಕ್ಕಿಂತ ಜಾಸ್ತಿ ಅವರೇ ಕೇಳಿದರು. ಎಂಥ ಸದ್ದು? ಬಿದ್ದಿತ್ತಾ? ಸದ್ದು ಬಂದ ಮೇಲೆ ಎಷ್ಟು ಸಲ ಚಾಲೂ ಮಾಡಿದಿರಿ? ಆಮೇಲೆ ದನಿ ಬದಲಿಸಿ, "ಯಾರಾದ್ರೂ ಮುಚ್ಚಳ ತೆರೆದಿದ್ದಾರಾ? ತೆರೆದಿದ್ರೆ ಈಗಲೇ ಹೇಳಿಬಿಡಿ, ನಾನೇನೂ ಅನ್ನಲ್ಲ. ಕೂದಲೆಳೆಗಿಂತ ಸಣ್ಣ ಧೂಳು ಕೂತ್ರೂ ತಟ್ಟೆ ಗೀಚಿಹೋಗುತ್ತೆ. ಧೂಳಿಲ್ಲದ ಕೋಣೆಯಲ್ಲಿ ಮಾತ್ರ ತೆರೀಬೇಕು" ಅಂದರು. ನನ್ನ ತಮ್ಮ ನೂರು ವಿಷಯದಲ್ಲಿ ದಡ್ಡ, ಆದರೆ ಅಷ್ಟು ದಡ್ಡನಲ್ಲ ಅಂದೆ. ಬರುತ್ತಾ ಅಂತ ಕೇಳಿದ್ದಕ್ಕೆ, "ನೋಡದೆ ಏನೂ ಹೇಳಲ್ಲಮ್ಮ" ಅಂದರು. ಆ ಒಂದು ಮಾತಿಗೇ ನಾನು ಒಪ್ಪಿದೆ.

ಅರ್ಜಿ ತುಂಬಿದ್ದೇನೆ. ಮುಚ್ಚಳ ತೆರೆದಿಲ್ಲ ಅನ್ನುವ ಕಡೆ ಗುರುತು ಹಾಕಿ ಸಹಿ ಮಾಡಿದ್ದೇನೆ. ವಿಳಾಸ ಈ ಪತ್ರದ ಹಿಂದಿದೆ. ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು ನಾಳೆಯೇ ಕಳಿಸು.

ಚಿನಕುರಳಿ ಚೆನ್ನಾಗಿದ್ದಾಳೆ. ಅವಳ ವಿಷಯ ನಿನಗೆ ಬೇಡ.

ಅಕ್ಕ

ಮಾರ್ಚ್ ೧೯

ಅಕ್ಕ,

ಕಳಿಸುತ್ತೇನೆ. ಅವಸರ ಮಾಡಬೇಡ. ಕೊರಿಯರಿನವರ ಮೇಲೆ ನನಗೆ ನಂಬಿಕೆಯಿಲ್ಲ. ನಾನೇ ಹೋಗಿ ಕೊಟ್ಟು ಬರೋಣವೆಂದರೆ ಅಂಗಡಿ ಬಿಡಲು ಆಗುತ್ತಿಲ್ಲ. ಆ ಲ್ಯಾಬಿನ ಹೆಂಗಸಿಗೇನು ಗೊತ್ತು ನಮ್ಮ ಕೆಲಸ? ಧೂಳು ಧೂಳು ಅಂತ ಹೆದರಿಸುವುದು ಅವರ ವ್ಯಾಪಾರ. ನನ್ನ ಕೋಣೆಯಲ್ಲಿ ಧೂಳಿದೆಯಾ? ನಾಲ್ಕು ಗೋಡೆಗೂ ದಪ್ಪ ಬಟ್ಟೆ ಹೊದಿಸಿದ್ದೇನೆ, ಕಿಟಕಿಯೇ ಇಲ್ಲ. ಇರಲಿ ಬಿಡು.

ಅಷ್ಟು ದಡ್ಡನಲ್ಲ ಅಂತ ನನ್ನ ಪರವಾಗಿ ಸಹಿ ಹಾಕು ಅಂತ ನಿನಗೆ ಯಾರು ಹೇಳಿದರು? ಕೇಳಬೇಕಿತ್ತು.

ದನಿ ಕಾಪಾಡುವುದರ ಬಗ್ಗೆ ನೀನು ನನಗೆ ಪಾಠ ಹೇಳುತ್ತಿದ್ದೀಯ. ಬಾಯಿ ಬಿಡಿಸಿದ್ದೀಯ, ಹೇಳಿಯೇಬಿಡುತ್ತೇನೆ. ಅಪ್ಪ ತೀರಿಕೊಂಡ ವರ್ಷ ಬೀರುವಿನ ಕೆಳಗಿದ್ದ ಟೇಪುಗಳ ಪೆಟ್ಟಿಗೆಯನ್ನು ಗುಜರಿಗೆ ಹಾಕಿದವಳು ನೀನು. ರಿಪೇರಿ ಆದ ಪ್ರತಿ ಮೆಷಿನ್ನಿಗೂ ಅಪ್ಪ "ಒಂದು, ಎರಡು, ಮೂರು, ಕೇಳಿಸ್ತಾ?" ಅಂತ ಹೇಳಿ ಪರೀಕ್ಷೆ ಮಾಡುತ್ತಿದ್ದ ಟೇಪುಗಳು. ಅಪ್ಪನ ದನಿ ಅಂತ ಇದ್ದದ್ದು ಅಷ್ಟೇ. ನಾನು ಇಲ್ಲಿಂದ ಬರುವಷ್ಟರಲ್ಲಿ ಬೀರು ಖಾಲಿ, ಆ ಖಾಲಿ ಬೀರುವನ್ನೇ ಇಲ್ಲಿಗೆ ತಂದುಕೊಂಡೆ. ಹದಿನಾಲ್ಕು ವರ್ಷ ಆ ಕಿಚ್ಚು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಅಂಥವಳು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀಯ?

ತಮ್ಮ

ಮಾರ್ಚ್ ೨೩

ಇವತ್ತು ಲ್ಯಾಬಿಗೆ ಫೋನ್ ಮಾಡಿದೆ. ಡಬ್ಬಿ ಬಂದಿಲ್ಲ ಅಂದರು. ನನ್ನ ಪತ್ರ ತಲುಪಿ ಎಷ್ಟು ದಿನವಾಯಿತು? ಏನನ್ನು ಕಾಯುತ್ತಿದ್ದೀಯ?

ಟೇಪಿನ ಮಾತು ಎತ್ತಿದೆಯಲ್ಲ, ಕೇಳು. ಅಪ್ಪ ಹೋದ ಮೇಲೆ ಅಮ್ಮ ದಿನಾ ಮಧ್ಯಾಹ್ನ ಎರಡು ತಟ್ಟೆ ಹಾಕಿ ಆ ಟೇಪು ಹಚ್ಚಿಕೊಂಡು ಕೂರುತ್ತಿದ್ದಳು. ಅಪ್ಪ "ಕೇಳಿಸ್ತಾ?" ಅನ್ನುವುದು, ಇವಳು "ಕೇಳಿಸ್ತು, ಬನ್ನಿ ಊಟಕ್ಕೆ" ಅನ್ನುವುದು. ಟೇಪು ಮುಗಿದರೆ ತಿರುಗಿಸಿ ಮತ್ತೆ. ತುತ್ತು ಬಾಯಿಗೆ ಇಡುತ್ತಿರಲಿಲ್ಲ. ಎರಡು ತಿಂಗಳಲ್ಲಿ ಬಳೆ ಮೊಣಕೈಗೆ ಏರಿತ್ತು. ಪೆಟ್ಟಿಗೆ ಹೋದ ಮೂರನೆಯ ದಿನ ನನಗೆ ಬಾಯಿಗೆ ಬಂದಂತೆ ಬೈದಳು, ನಾಲ್ಕನೆಯ ದಿನ ಊಟ ಮಾಡಿದಳು. ನೀನು ಆ ವರ್ಷ ಇಲ್ಲಿಗೆ ಬಂದದ್ದು ಎರಡು ಸಲ.

ಡಬ್ಬಿ ಕಳಿಸು.

ಅಕ್ಕ

ಮಾರ್ಚ್ ೨೭

ಅಕ್ಕನಿಗೆ,

ಕಳಿಸಿದ್ದೇನೆ. ರಸೀದಿ ಜೊತೆಗಿದೆ.

ಅಮ್ಮನ ವಿಷಯ ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ.

ಅವರು ಏನಾದರೂ ಹೇಳಿದರೆ ತಕ್ಷಣ ತಿಳಿಸು. ಏನೇ ಹೇಳಿದರೂ.

ತಮ್ಮ

ಏಪ್ರಿಲ್ ೮

ಅಯ್ಯೋ ಪಾಪಿ,

ಏನು ಮಾಡಿಟ್ಟಿದ್ದೀಯೋ?

ಲ್ಯಾಬಿನ ಎಂಜಿನಿಯರ್ ಇವತ್ತು ಬೆಳಿಗ್ಗೆ ಫೋನ್ ಮಾಡಿದರು. ಸಿಟ್ಟಿನಿಂದ ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು. ಮೆತ್ತಗೆ ಮಾತಾಡಿದರು. "ಅಮ್ಮ, ಅರ್ಜಿಯಲ್ಲಿ ತೆರೆದಿಲ್ಲ ಅಂತ ಬರೆದಿದ್ದೀರಿ. ಲೇಬಲ್ ಕೆಳಗಿರೋ ಸ್ಕ್ರೂ ಬಿಚ್ಚಿ, ಆಮೇಲೆ ಲೇಬಲ್ಲನ್ನ ಗೋಂದಲ್ಲಿ ಅಂಟಿಸಿದ್ದಾರೆ. ಅಂಟಿಸಿರೋದು ಎಷ್ಟು ಅಚ್ಚುಕಟ್ಟು ಅಂದ್ರೆ ನಮ್ಮ ಹುಡುಗರಿಗೆ ಮೊದಲು ಗೊತ್ತೇ ಆಗಿಲ್ಲ. ಒಳಗೆ ಹತ್ತಿಯ ಎಳೆ ಇದೆ, ಸ್ಪಿರಿಟ್ಟಿನ ಕಲೆ ಇದೆ. ಮೇಲಿನ ತಟ್ಟೆ ಉದ್ದಕ್ಕೂ ಗೀಚಿದೆ" ಅಂದರು. ಇದನ್ನು ಯಾರೂ ಮುಟ್ಟದೆ ಕೊಟ್ಟಿದ್ದರೆ ಅಂತ ಕೇಳಿದೆ. ಕೇಳಬಾರದಿತ್ತು. "ಬಹುತೇಕ ಎಲ್ಲ ಬರ್ತಿತ್ತಮ್ಮ" ಅಂದರು.

ಅಷ್ಟು ಅಚ್ಚುಕಟ್ಟಾಗಿ ಗೋಂದು ಹಚ್ಚುವ ಕೈ ಯಾರದು ಅಂತ ನನಗೆ ಹೇಳಿಕೊಡಬೇಕಾ? ಕನ್ನಡಿಯಂತೆ, ಬೆವರಂತೆ! ಎದುರಿಗೇ ಬರೆದಿದ್ದೀಯ, ನಾನು ಕತ್ತೆ, ಓದಿ ನಕ್ಕೆ. ಒಂದು ತಿಂಗಳಿಂದ ನನ್ನ ಕಣ್ಣಿಗೆ ಮಣ್ಣೆರಚಿದ್ದೀಯ. ನನ್ನ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸಿದ್ದೀಯ. ಇಪ್ಪತ್ತಾರು ವರ್ಷದಲ್ಲಿ ನಾನು ಸುಳ್ಳು ದಾಖಲೆಗೆ ಸಹಿ ಹಾಕಿದ್ದು ಇದೊಂದೇ, ಅದೂ ನಿನ್ನನ್ನು ನಂಬಿ.

ಏನು ಉಳಿದಿದೆಯೋ ನೋಡುತ್ತಾರಂತೆ. ಮೂರು ವಾರ ಬೇಕಂತೆ. ನನಗೆ ತಮ್ಮನಿಲ್ಲ.

ಏಪ್ರಿಲ್ ೧೨

ಅಕ್ಕ,

ಸಹಿ ಹಾಕದೆ ಕಳಿಸಿದ ನಿನ್ನ ಮೊದಲ ಪತ್ರ ಅದು.

ಬರೆದು ಕೊಡು ಅಂದೆಯಲ್ಲ, ಬರೆಯುತ್ತೇನೆ. ಫೆಬ್ರವರಿ ಹದಿನೇಳು, ಹೊತ್ತು ಹನ್ನೊಂದು. ಟಕ್ ಟಕ್ ಅಂದಾಗ ನನಗೆ ಹೆದರಿಕೆಯೇ ಆಗಲಿಲ್ಲ ಕಣೇ. ಅದೇ ನನ್ನ ಗ್ರಹಚಾರ. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಟೇಪ್ ರೆಕಾರ್ಡರ್ ಹೀಗೆ ನನ್ನ ಬೆಂಚಿಗೆ ಬಂದಿವೆ! ದನಿ ಬರ್ತಿಲ್ಲ ಅಂತ ತರುತ್ತಾರೆ. ಮುಚ್ಚಳ ಬಿಚ್ಚು, ಹತ್ತಿಗೆ ಸ್ಪಿರಿಟ್ಟು ಅದ್ದು, ಓದುವ ಭಾಗದ ಕೊಳೆ ಒರೆಸು, ಮುಚ್ಚು. ಹಾಡುತ್ತದೆ. ಇದಕ್ಕೂ ಓದುವ ಮುಳ್ಳು ಇದೆ, ಇದಕ್ಕೂ ತಿರುಗುವ ತಟ್ಟೆ ಇದೆ, ಇನ್ನೇನು ಬೇರೆ ಅಂದುಕೊಂಡೆ. ಕೈ ತಾನಾಗಿ ಸ್ಕ್ರೂಡ್ರೈವರ್ ಹುಡುಕಿತು. ಒರೆಸಿದ್ದು ಎರಡೇ ಸಲ, ಹಗುರವಾಗಿ. ಮುಚ್ಚಿ ಚಾಲೂ ಮಾಡಿದೆ. ಟಕ್ ಟಕ್ ಹೋಗಿ ಗರಗಸದ ಹಾಗೆ ಒಂದು ಸದ್ದು ಬಂತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಅವತ್ತೇ ಹೇಳಬೇಕಿತ್ತು. ನಿನಗೆ ಹೇಳುವುದೆಂದರೆ ಹೇಗೆ ಅಂತ ನಿನಗೆ ಗೊತ್ತಿಲ್ಲ, ನೀನು ಯಾವತ್ತೂ ನಿನ್ನೆದುರು ನಿಂತು ನೋಡಿಲ್ಲ. ನಾನು ಅಷ್ಟು ದಡ್ಡನಲ್ಲ ಅಂತ ನೀನು ಸಹಿ ಹಾಕಿದ್ದನ್ನು ಓದಿದಾಗ ಪತ್ರ ಹಿಡಿದುಕೊಂಡು ಅತ್ತೆ. ನೀನು ನನ್ನ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೊಂದೇ, ಅದೂ ಸುಳ್ಳಾಗಿತ್ತು.

ಮೇಲ್ಮಹಡಿಯವನು ಪಾಪ, ಅವನ ತಪ್ಪಿಲ್ಲ. ಅವನಿಗೆ ಕೊಟ್ಟರೆ ಕೆಡಿಸಿದ್ದು ಅವನೇ ಅಂತ ನೀನು ತಿಳಿಯುತ್ತೀಯ, ನಾನು ಬಚಾವ್ ಅಂತ ಲೆಕ್ಕ ಹಾಕಿದ್ದೆ. ಅಷ್ಟು ಕೆಳಗೆ ಇಳಿದಿದ್ದೆ. ಅದನ್ನೂ ಬರೆದಿದ್ದೇನೆ, ಸಹಿ ಹಾಕಿದ್ದೇನೆ.

ಅವಳಿಗೆ ನಾನೇ ಹೇಳುತ್ತೇನೆ. ಬರಲಾ?

ತಮ್ಮ

ಏಪ್ರಿಲ್ ೩೦

ಅಕ್ಕ,

ಹದಿನೆಂಟು ದಿನವಾಯಿತು. ಮೂರು ವಾರ ಅಂದಿದ್ದರು. ಬೈದಾದರೂ ಬರಿ. ಅಂಗಡಿ ತೆಗೆದಿಲ್ಲ. ರಿಪೇರಿಗೆ ಬಂದ ಮೆಷಿನ್ನುಗಳ ಮುಚ್ಚಳಕ್ಕೆ ಕೈ ಹಾಕಲು ಆಗುತ್ತಿಲ್ಲ.

ತಮ್ಮ

ಮೇ ೬

ತಮ್ಮನಿಗೆ,

ಲ್ಯಾಬಿನಿಂದ ಹೋದ ವಾರವೇ ಬಂತು. ಆರು ದಿನದ ರೆಕಾರ್ಡಿಂಗಿನಲ್ಲಿ ಉಳಿದದ್ದು ನಲವತ್ತೊಂದು ನಿಮಿಷ. ಅದೂ ಕೊನೆಯ ದಿನದ್ದು.

ನಿನ್ನ ಒಂದು ದುರಭ್ಯಾಸ ನನಗೆ ಗೊತ್ತಿರಲಿಲ್ಲ. ವಾಕ್ಯ ಓದಿ ಮುಗಿದರೂ ನೀನು ಮೆಷಿನ್ ನಿಲ್ಲಿಸುವುದಿಲ್ಲವಂತೆ, ಓಡುತ್ತಲೇ ಇರುತ್ತದಂತೆ. ಆಸ್ಪತ್ರೆಯ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಚ್ಚಿದರು. ಅವಳು ಓದುತ್ತಿದ್ದಾಳೆ. ಬಾಗಿಲು ಧಡ್ ಅನ್ನುತ್ತದೆ. ಆಮೇಲೆ ನಾನು. ಅರ್ಧ ಗಂಟೆ ನಾನು, ಹುಡುಗಿಗೆ ಸುಸ್ತಾಗಿದೆ, ಸಾಕು ನಿಲ್ಲಿಸು ಅಂತ. ನೀನೂ ಕಡಿಮೆಯೇನಿಲ್ಲ, "ಇನ್ನೊಂದು ಪುಟ ಅಷ್ಟೇ ಅಕ್ಕ" ಅಂತ ಒದರುತ್ತಿದ್ದೀಯ. ನಾನು ನಿನ್ನನ್ನು ಯಾವುದಕ್ಕೂ ಬಾರದವನು ಅಂದದ್ದೂ ಇದೆ. ನಮ್ಮಿಬ್ಬರ ಕೂಗಾಟದ ಅಡಿಯಲ್ಲಿ ಅವಳು ಏನೇನೋ ಹೇಳುತ್ತಿದ್ದಾಳೆ, ಒಂದಕ್ಷರ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೇಡಂ ತಲೆ ತಗ್ಗಿಸಿಕೊಂಡು, "ಮಗಳ ದನಿ ಮೇಲೆ ನಿಮ್ಮ ದನಿ ಕೂತಿದೆಯಮ್ಮ" ಅಂದರು. ಶುದ್ಧವಾಗಿ ಸಿಕ್ಕಿದ್ದು ಒಂಬತ್ತು ನಿಮಿಷ. ಅದರಿಂದ ಯಂತ್ರ ಆಗುವುದಿಲ್ಲ. ಅವಳ ದನಿಯಲ್ಲಿ ಹೊಸ ಮಾತು ಇನ್ನು ಹುಟ್ಟುವುದಿಲ್ಲ.

ಮುಚ್ಚಳ ತೆರೆದವನು ನೀನು. ಉಳಿದದ್ದನ್ನು ಮುಚ್ಚಿಹಾಕಿದವಳು ನಾನು. ಇದನ್ನೂ ಫೈಲಿಗೆ ಹಾಕಿಕೊಂಡಿದ್ದೇನೆ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ, ಇಲ್ಲ.

ಮನೆಗೆ ಬಂದು ಅವಳಿಗೆ ಹೇಗೆ ಹೇಳುವುದು ಅಂತ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಉಜ್ಜುತ್ತಿದ್ದೆ. ಇಷ್ಟು ದಿನ "ಮಾಮ ಇನ್ನೂ ಶುದ್ಧ ಮಾಡ್ತಿದ್ದಾನೆ" ಅಂತಲೇ ಹೇಳಿಕೊಂಡು ಬಂದಿದ್ದೆ. ಅವಳು ಬಂದು ಫೈಲನ್ನು ಮುಂದಿಟ್ಟಳು. ನಿನ್ನ ಪತ್ರಗಳನ್ನು ನಂಬರ್ ಹಾಕಿ ಇಟ್ಟಿದ್ದೇನಲ್ಲ, ಎಲ್ಲ ಓದಿದ್ದಾಳೆ. ಮಾರ್ಚಿನಿಂದ. ನನ್ನ ಪತ್ರಗಳ ನಕಲನ್ನೂ. ಚೀಟಿಯಲ್ಲಿ ಬರೆದಳು, "ನೀವಿಬ್ಬರೂ ಸೇರಿ ಒಪ್ಪಿದ್ದು ಇದೊಂದೇ ವಿಷಯ, ನನಗೆ ಹೇಳಬಾರದು ಅಂತ, ಅಲ್ವಾ?" ಕೈ ಒರೆಸಿಕೊಂಡು ಒಂಬತ್ತು ನಿಮಿಷದ ವಿಷಯ ಹೇಳಿದೆ.

ಆ ಒಂಬತ್ತು ನಿಮಿಷವನ್ನು ಅವಳೇ ಆಸ್ಪತ್ರೆಗೆ ಹೋಗಿ ಕೂತು ಕೇಳಿ, ಇಡಿ ಇಡಿ ಮಾತುಗಳನ್ನು ಆರಿಸಿಕೊಂಡಿದ್ದಾಳೆ. ಫೋನಿನಲ್ಲಿ ಒಂದೊಂದಕ್ಕೆ ಒಂದೊಂದು ಗುಂಡಿ ಮಾಡಿಕೊಟ್ಟಿದ್ದಾರೆ, ಒತ್ತಿದರೆ ಅವಳ ದನಿ. ಪಟ್ಟಿಯ ವಾಕ್ಯಗಳು ನಾಲ್ಕೈದು, "ನಾಳೆ ಬಸ್ಸು ಎಷ್ಟು ಹೊತ್ತಿಗೆ?" ಅಂಥವು. ಮಿಕ್ಕಿದ್ದೆಲ್ಲ ಎರಡು ವಾಕ್ಯದ ನಡುವೆ ನಿನ್ನ ಜೊತೆ ಹರಟಿದ್ದು. "ಹಸಿವಾಗ್ತಿದೆ ಮಾಮ." "ಥೂ, ಇದೇನು ವಾಕ್ಯ!" "ಸಾಕಪ್ಪ ಸಾಕು." ನಮ್ಮ ಜಗಳದ ಮಧ್ಯೆ ನಾವಿಬ್ಬರೂ ಉಸಿರು ತೆಗೆದುಕೊಳ್ಳಲು ನಿಂತ ಒಂದು ಕ್ಷಣ ಇದೆ. ಅಲ್ಲಿ ಅವಳು ಸ್ಪಷ್ಟವಾಗಿ ಹೇಳಿದ್ದಾಳೆ, "ಇಬ್ರೂ ಸ್ವಲ್ಪ ಬಾಯಿ ಮುಚ್ಕೊಳ್ಳಿ." ಮೊದಲ ಗುಂಡಿ ಅದಕ್ಕೇ ಇಟ್ಟಿದ್ದಾಳೆ. ನಿನ್ನೆ ನಾನು ನಿನ್ನನ್ನು ಬೈದುಕೊಳ್ಳುತ್ತಾ ಬಟ್ಟೆ ಮಡಚುತ್ತಿದ್ದಾಗ ಹಿಂದಿನಿಂದ ಬಂದು ಒತ್ತಿದಳು. ಕೈಯಲ್ಲಿದ್ದ ಸೀರೆ ಜಾರಿತು. ಈ ಮನೆಯಲ್ಲಿ ಆ ದನಿ ಕೇಳಿ ಮೂರೂವರೆ ತಿಂಗಳಾಗಿತ್ತು ಕಣೋ. ಇನ್ನೊಂದು ಸಲ ಒತ್ತೇ ಅಂದೆ. ಒತ್ತಿದಳು. ಇನ್ನೊಂದು ಸಲ ಅಂದೆ.

ಆ ಒಂಬತ್ತು ನಿಮಿಷದ ನಕಲು ನಾಲ್ಕು ಮಾಡಿಸಿದ್ದೇನೆ. ಒಂದು ಇದರ ಜೊತೆಗಿದೆ. ದನಿ ಸವೆದಿಲ್ಲ, ನಿನ್ನ ಕಿವಿಗೆ ಹೇಳು.

ಬರಬೇಡ, ಈಗಲೇ ಬೇಡ. ಪತ್ರವೂ ಸಾಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ನಿನಗೆ ಫೋನ್ ಮಾಡುತ್ತಾಳೆ. ಪ್ರತಿ ವಾಕ್ಯ ಶುರು ಮಾಡುವ ಮುಂಚೆ ನೀನು ಅವಳ ಕೈಯಲ್ಲಿ ಹೇಳಿಸುತ್ತಿದ್ದೆಯಲ್ಲ, ಅಪ್ಪನದ್ದು, "ಮಾಮ, ಕೇಳಿಸ್ತಾ?" ಅಂತ, ಅದು ಒಂಬತ್ತು ನಿಮಿಷದಲ್ಲಿ ಹನ್ನೊಂದು ಸಲ ಇದೆ. ಅದನ್ನೇ ಒತ್ತುತ್ತಾಳೆ. ಅಳಬೇಡ, ಕ್ಷಮಿಸು ಗಿಮಿಸು ಅನ್ನಬೇಡ, ಅವಳಿಗೆ ಅದಕ್ಕೆ ಉತ್ತರ ಕೊಡುವ ಗುಂಡಿ ಇಲ್ಲ. ಕೇಳಿಸ್ತು ಅನ್ನು. ನಾನು ಪಕ್ಕದಲ್ಲೇ ಇರುತ್ತೇನೆ, ಮಾತಾಡುವುದಿಲ್ಲ.

ಅಕ್ಕ